ಬಿಗಿಯಾಗದೆ ಉಳಿದ ನಟ್ಟುಗಳು

ಕಾಕಾ,

ನೀವು ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ನಾನೇಕೆ ಬರೆಯಲಿಲ್ಲವೆಂದು ನೀವು ಕೇಳುವವರಲ್ಲ. ನೀವು ಕೇಳುವುದು ಒಂದೇ: ಜೀಪು ಓಡಿತೇನು? ಓಡಿತು. ಹನ್ನೆರಡು ಮೈಲಿ ಓಡಿತು. ಆಮೇಲೆ... ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರುಮಾಡಿದರೆ ನಿಮಗೆ ಸಿಟ್ಟು ಬರುತ್ತಿತ್ತು.

ಆ ಜೀಪು ಬೈಲಹೊಂಗಲದ ನಿಮ್ಮ ಹಿತ್ತಲಿಗೆ ಬಂದ ದಿನ ನೆನಪಿದೆಯೇ? ಮಿಲಿಟರಿಯವರು ಹರಾಜು ಹಾಕಿದ್ದು, ಎಡಗಡೆ ಸ್ಟೇರಿಂಗಿನದು. ಎತ್ತು ಕಟ್ಟಿ ಎಳೆದು ತಂದಿದ್ದಿರಿ. ಕಾಕು ಹಿತ್ತಲ ಬಾಗಿಲಲ್ಲಿ ನಿಂತು, "ಎತ್ತು ಎಳಿಯೂ ಗಾಡಿ ಮನ್ಯಾಗ ಮೊದಲ ಎರಡ ಅದಾವ. ಇದ್ಯಾಕರಿ ಮೂರನೇದು?" ಎಂದಳು. "ಪೆಟ್ರೋಲ್ ತುಟ್ಟಿ ಆಗೇತಿ. ಇದರ ಹೊಟ್ಟ್ಯಾಗ ಡೀಸೆಲ್ ಎಂಜಿನ್ ಕುಂಡ್ರಸತೇನಿ. ಆಮ್ಯಾಲೆ ಸವದತ್ತಿ ಗುಡ್ಡ ಹತ್ತಸತೇನಿ, ನೋಡೀಯಂತ," ಎಂದಿರಿ. ಮೂವತ್ತು ವರ್ಷ ಊರೂರಿನ ನೀರಿನ ಪಂಪು ರಿಪೇರಿ ಮಾಡಿದ ಮಿಸ್ತ್ರಿ ನೀವು. ನಿಮ್ಮ ಮಾತನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಕಾಕು ಒಬ್ಬಳನ್ನು ಬಿಟ್ಟು.

ಡೀಸೆಲ್ ಎಂಜಿನ್ನಿನ ಭಾರ ತಡೆಯಲೆಂದು ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿದ ದಿನ, ನಟ್ಟುಗಳನ್ನು ಒಮ್ಮೆಗೇ ಏಕೆ ಬಿಗಿ ಮಾಡುವುದಿಲ್ಲವೆಂದು ಕೇಳಿದ್ದೆ. "ಭಾರ ಬಿದ್ದ ಮ್ಯಾಲೆ ಪಟ್ಟಿ ತನ್ನ ಜಾಗಾಕ್ಕ ಕುಂಡ್ರತೈತಿ. ಕುಂತ ಮ್ಯಾಲೆ ಕಡೀ ಬಿಗಿ," ಎಂದಿರಿ. ಕಡೆಯ ಬಿಗಿ ಕೊಟ್ಟ ನಟ್ಟಿನ ಮೇಲೆ ವಿಭೂತಿ ಗಟ್ಟಿಯಿಂದ ಒಂದು ಬಿಳಿ ಗೆರೆ ಎಳೆಯುತ್ತಿದ್ದಿರಿ. ಸೀಮೆಸುಣ್ಣ ಸಿಗದ ಒಂದು ದಿನ ಶುರುವಾದ ಪದ್ಧತಿ, ಹಾಗೆಯೇ ನಿಂತುಬಿಟ್ಟಿತ್ತು. "ಪೂಜಿ ವಿಭೂತಿ ಎಣ್ಣಿ ನಟ್ಟಿಗೆ ಹಚ್ಚತೀರಲ್ಲರಿ!" ಎಂದು ಕಾಕು ಬೈದರೆ, "ಅದೂ ದುಡಿಯೂ ಜೀವಾನ ಐತಿ, ಹಚ್ಚಿಕೊಳ್ಳಲಿ ಬಿಡ," ಎಂದು ನಕ್ಕಿರಿ. ಅವಳಿಗೆ ನಿಜ ಕಾರಣ ಹೇಳಿದ್ದರೆ... ಹೋಗಲಿ. ನಾನೂ ಅಲ್ಲೇ ಕೂತಿದ್ದೆ. ನಾನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ನೀವು ನಟ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿದುಕೊಂಡೇ ಎದೆ ನೋವೆಂದು ಹಿತ್ತಲಲ್ಲಿ ಕೂತಿರಿ. ಮತ್ತೆ ಏಳಲಿಲ್ಲ. ತಿಂಗಳೊಪ್ಪತ್ತಿನ ಮೇಲೆ ನಾನು ಜೀಪಿನ ಕೆಳಗೆ ಬಗ್ಗಿ ನೋಡಿದೆ. ಒಂದು ನಟ್ಟೂ ಬಿಡದೆ ಬಿಳಿ ಗೆರೆ. ಮುಗಿಸಿಯೇ ಹೋಗಿದ್ದಾರೆ ಅಂದುಕೊಂಡೆ. ನನಗೆ ಹೊಟ್ಟೆಕಿಚ್ಚೂ ಆಯಿತು ಎಂದರೆ ನಂಬುತ್ತೀರಾ? ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ನಾನು, ಮುಗಿಸಿದ್ದೇನೆ ಎಂದು ಹೇಳಬಹುದಾದ ಒಂದು ಕೆಲಸವನ್ನೂ ಮಾಡಿರಲಿಲ್ಲ. ನಾನು ಮಾಡಿದ್ದು ಬ್ಯಾಟರಿ ಜೋಡಿಸಿದ್ದು, ಡೀಸೆಲ್ ಸುರಿದದ್ದು. ಅಷ್ಟೇ.

ಮನೋಳಿ ದಾರಿಗೆ ಹೊರಟ ಬೆಳಿಗ್ಗೆ ಅರಳೆ ವ್ಯಾಪಾರಿ ಗುರುಸಿದ್ದಪ್ಪ ಪಕ್ಕದಲ್ಲಿದ್ದ. "ನಂದೊಂದು ಹಳೇ ಜೀಪ್ ಐತಿ. ಇದು ಚಲೋ ಓಡಿದರ ಅದಕ್ಕೂ ಡೀಸೆಲ್ ಹಾಕಸತೇನಿ," ಎಂದು ಬಂದವನು. ಒಂದು ತಗ್ಗು ದಾಟಿದೆವು, ಇನ್ನೊಂದು ದಾಟಿದೆವು. ಮೂರನೆಯದರಲ್ಲಿ ಮುಂದಿನ ಅಚ್ಚು ಸ್ಪ್ರಿಂಗಿನಿಂದ ಸರಿಯಿತು. ಸ್ಟೇರಿಂಗು ಒಂದು ಕಡೆ, ಜೀಪು ಒಂದು ಕಡೆ. ಜೋಳದ ಹೊಲದಲ್ಲಿ ಹೋಗಿ ನಿಂತಾಗ ಗುರುಸಿದ್ದಪ್ಪನ ಮುಂಗೈ ಮುರಿದಿತ್ತು. ನನಗೆ ಒಂದು ಗೀರೂ ಬಿದ್ದಿರಲಿಲ್ಲ. ಬಗ್ಗಿ ನೋಡಿದರೆ, ಬಿಳಿ ಗೆರೆಯಿದ್ದ ನಟ್ಟು ಬೆರಳಿಗೇ ತಿರುಗಿತು.

ಅಂದು ಸಂಜೆ ಕಾಕು ನನಗೆ ಚಹಾ ಕೊಡುತ್ತ ಹೇಳಿದ ಮಾತು ಇದು: "ಅವರು ಅರ್ಧಕ್ಕ ಬಿಟ್ಟು ಹೋಗಿದ್ದರಪಾ. ಖಂಡೇನವಮಿ ಆಯುಧ ಪೂಜಿ ದಿವಸ ಉಳಿದವಕ್ಕೆಲ್ಲಾ ನಾನ ವಿಭೂತಿ ಹಚ್ಚಿದೆ, ಅವರು ಹಚ್ಚಿಧಂಗ, ಒಂದೊಂದ ಗೆರಿ. ನೆಲದ ಮ್ಯಾಲೆ ಮಲಗಿ ಹಚ್ಚೇನಿ. ಆದರೂ ಹಿಂಗಾತು ನೋಡು." ಕಪ್ಪು ನನ್ನ ಕೈಯಲ್ಲಿತ್ತು. ಚಹಾ ಪೂರ್ತಿ ಕುಡಿದು ಎದ್ದು ಬಂದೆ, ಕಾಕಾ.

ಗುರುಸಿದ್ದಪ್ಪ ಕೊರಳಿಗೆ ಕೈ ತೂಗುಹಾಕಿಕೊಂಡು ಪೇಟೆಯಲ್ಲಿ ಕೂತ ದಿನದಿಂದ ನಿಮ್ಮ ಹೆಸರು ಹೋಗತೊಡಗಿತು. "ಕಡೀಕ ಮಿಸ್ತ್ರಿ ಕೈ ಬಿದ್ದಿತ್ತರಿ. ಕಚ್ಚಾ ಕೆಲಸ." ಸವದತ್ತಿಯವರೆಗೂ ಇದೇ ಮಾತು. ನಿಮ್ಮ ಪಂಪಿನಿಂದ ನೀರು ಕುಡಿದವರೂ ತಲೆ ಆಡಿಸಿದರು. ನಾನು ಎರಡು ತಿಂಗಳು ಬಾಯಿ ಬಿಡಲಿಲ್ಲ. ನಿಮ್ಮ ಹೆಸರು ಉಳಿಸಲು ನನಗೆ ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ಕಾಕುವಿನ ಕಿವಿಗೆ ಬಿದ್ದರೆ ಅವಳು ಇನ್ನೆಂದಾದರೂ ಕೈಯಲ್ಲಿ ವಿಭೂತಿ ಹಿಡಿಯುತ್ತಿದ್ದಳೇ? ರಾತ್ರಿ ಮಲಗುವುದು, ಏಳುವುದು, ಅದೇ ಲೆಕ್ಕ. ಇದನ್ನು ಕರುಣೆ ಎನ್ನಬೇಕೋ ಹೇಡಿತನ ಎನ್ನಬೇಕೋ...

ಒಂದು ಸಂತೆಯ ದಿನ ಕಾಕು ಖಾಲಿ ಚೀಲ ಹಿಡಿದು ಸೀದಾ ನನ್ನ ಮನೆಗೆ ಬಂದಳು. ಯಾರೋ ಅವಳೆದುರಿಗೇ ಅಂದಿದ್ದರು.

"ಖರೇ ಹೇಳು. ಅವರ ಕೆಲಸ ಕಚ್ಚಾ ಇತ್ತೇನು?"

"ಇಲ್ಲ ಕಾಕು. ನಟ್ಟು ನಾನ ಬಿಚ್ಚಿದ್ದೆ. ಮತ್ತ ಬಿಗಿ ಮಾಡೂದು ಮರತೆ."

"ಯಾಕ ಬಿಚ್ಚಿದಿ?"

"ಒಳಗ ಹೆಂಗೈತಿ ನೋಡಾಕ."

"ನೋಡಾಕ!" ಎಂದಳು. "ಎರಡು ತಿಂಗಳು ಸತ್ತವರ ಮ್ಯಾಲೆ ತಪ್ಪು ಹಾಕಿ ಚಹಾ ಕುಡದೆಲ್ಲೋ ನನ್ನ ಮನ್ಯಾಗ!" ನೀವು ಹೋದ ದಿನವೂ ಅಳದವಳು ನನ್ನ ಹೊಸ್ತಿಲ ಮೇಲೆ ಕೂತು ಅತ್ತಳು. ನಾನು ಹೇಳಿದ ಸುಳ್ಳಿಗೆ ಉತ್ತರವಾಗಿ ಅವಳು ಹೇಳಿದ್ದು ಮಾತ್ರ ಪೂರ್ತಿ ನಿಜ.

ಮರುದಿನ ಅವಳು ಗುರುಸಿದ್ದಪ್ಪನ ಅಂಗಡಿಗೆ ಹೋದಳು. ಆಮೇಲೆ ಗೊತ್ತಿದ್ದವರ ಮನೆಗಳಿಗೆಲ್ಲ. "ನಮ್ಮವರು ಕಟ್ಟಿದ್ದು ಗಟ್ಟಿನ ಇತ್ತರಿ. ಈ ಶಾಣ್ಯಾ ಬಿಚ್ಚಿಟ್ಟ." ಗುರುಸಿದ್ದಪ್ಪ ದಾರಿಯಲ್ಲಿ ಸಿಕ್ಕಾಗ, "ಬಿಚ್ಚಾಕ ಬಂದವಗ ಕಟ್ಟಾಕೂ ಬರಬೇಕಲ್ಲೋ ಮಾಸ್ತರಾ!" ಎನ್ನುತ್ತಾನೆ. ಅವನ ಕೈ ಕೂಡಿದೆ. ನಿಮ್ಮ ಹೆಸರೂ ಕೂಡಿದೆ. ಕಾಕು ಕಿತ್ತೂರಿನಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿ ಪ್ರತಿ ನಟ್ಟನ್ನೂ ಹೊಸದಾಗಿ ಬಿಗಿ ಮಾಡಿಸಿದಳು. ಹಿತ್ತಲ ಬಾಗಿಲು ನನಗೆ ತೆರೆಯುವುದಿಲ್ಲ. ಅವಳಿಗೆ ಆ ಗೆರೆಗಳ ನಿಜವನ್ನು ನಾನು ಎಂದೂ ಹೇಳುವುದಿಲ್ಲ, ಕಾಕಾ. ನೀವೊಬ್ಬರು ತಿಳಿದಿದ್ದರೆ ಸಾಕು.

ಕಳೆದ ಸೋಮವಾರ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಜೀಪು ಬಂತು. ಬಾಡಿಗೆ ಡ್ರೈವರ್ ಹೊಡೆಯುತ್ತಿದ್ದ. ಕಾಕು ಮುಂದೆ ಕೂತಿದ್ದಳು, ಸೆರಗು ಗಾಳಿಗೆ ಹಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡು. ನನ್ನನ್ನು ನೋಡಿದಳು. ನಿಲ್ಲಿಸು ಎನ್ನಲಿಲ್ಲ. ಮುಂದೆ ಏರು ಇತ್ತು. ಗೇರು ಬಿತ್ತು. ಎಂಜಿನ್ ಒಮ್ಮೆಯೂ ಉಸಿರು ಕಟ್ಟಲಿಲ್ಲ, ಕಾಕಾ. ಏರಿನ ಆಚೆಗೆ ಇಳಿಯುವವರೆಗೂ ಕೇಳುತ್ತ ನಿಂತಿದ್ದೆ.