ಅಚ್ಚುಕಟ್ಟು: ಸೊನ್ನೆ

ಕೃಷ್ಣರಾಜಪುರ
ಶನಿವಾರ, 10 ಡಿಸೆಂಬರ್ 2005

ಪ್ರೀತಿಯ ಅಪ್ಪಾ,

ನಿನ್ನ ಹಿರಿಮಗಳ ನಮಸ್ಕಾರ. ಮಂಡಿನೋವು ಹೇಗಿದೆ? ಮಾಲೂರಿನ ಕಡೆ ಚಳಿ ಇಲ್ಲಿಗಿಂತ ಜಾಸ್ತಿ ಅಂತ ತಂಗಿ ಫೋನಿನಲ್ಲಿ ಹೇಳಿದಳು. ಅಪ್ಪ ಹೊರಗೆ ಹೋಗಿದ್ದಾರೆ ಅಂತಲೂ ಹೇಳಿದಳು, ಅವಳ ಹಿಂದೆಯೇ ನಿನ್ನ ಕೆಮ್ಮು ಕೇಳಿಸಿತು. ಇರಲಿ, ಕೆಮ್ಮಿಗೆ ಬಿಸಿನೀರು ಕುಡಿ, ಎಲೆಅಡಿಕೆ ಸ್ವಲ್ಪ ಕಮ್ಮಿ ಮಾಡು. ಮಂಡಿಗೆ ಹಚ್ಚುವ ಎಣ್ಣೆ ಇಲ್ಲೇ ಗೂಡಿನಲ್ಲಿದೆ. ನೀನು ಎಣ್ಣೆ ಮರೆತೆ, ಕಂಬಳಿ ಮರೆತೆ, ಕೆರೆಯ ತೂಬು ಎತ್ತುವ ಆ ಕಬ್ಬಿಣದ ಹಿಡಿಯನ್ನು ಮಾತ್ರ ಗೋಣಿಯಲ್ಲಿ ಸುತ್ತಿಕೊಂಡು ಮರೆಯದೆ ತಗೊಂಡು ಹೋದೆ. ಬಸ್ಸಿನಲ್ಲಿ ಅದಕ್ಕೂ ಟಿಕೆಟ್ ಕೇಳಿದರಂತೆ, ತಂಗಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ, ಮಿಕ್ಕ ಅರ್ಧ ಇಂದಿರಾನಗರದ ಆಫೀಸಿಗೆ. ತೂಗುಸೇತುವೆ ಬಂದಮೇಲೆ ಎಲ್ಲ ಸುಲಭವಾಗುತ್ತದೆ ಅಂದಿದ್ದರು. ಈಗ ಸೇತುವೆಯ ಮೇಲೇ ನಿಂತು ಕಾಯುತ್ತೇವೆ. ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ನೀನಿಲ್ಲ. ಇವತ್ತಿಗೆ ಇಪ್ಪತ್ತೆರಡು ದಿನ ಆಯಿತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಅನ್ನಿಸಬಹುದು. ಮನೆ ಬಿಟ್ಟು ಹೊರಟ ದಿನ ನೀನು ನನ್ನ ಮಾತು ಪೂರ್ತಿ ಕೇಳಲಿಲ್ಲ, ಇದನ್ನಾದರೂ ಪೂರ್ತಿ ಓದು. ನಮ್ಮ ಸಂಸ್ಥೆಯವರು ರೈತರಿಗಾಗಿ ಪದಗಳ ಪುಸ್ತಕ ಮಾಡಿಸುತ್ತಿದ್ದರಲ್ಲ, ಹೊಸ ಬೇಸಾಯದ ಮಾತು, ನೆಲ ಜಲ ಕಾಯುವ ಮಾತು, ಅದನ್ನೆಲ್ಲ ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂದಿತ್ತು. ಒಂದು ವರ್ಷ ಸಂಜೆಯೆಲ್ಲ ನಿನ್ನ ತಲೆ ತಿಂದೆ. ಸುಸ್ಥಿರ ಕೃಷಿ ಅಂದರೆ ನೀನು ಸುಮ್ಮನೆ ಕೇಳಿಸಿಕೊಂಡೆ. ಪೋಷಕಾಂಶಗಳ ಮರುಬಳಕೆ ಅಂದಾಗ, ಕೆರೆಗೋಡು ಮಣ್ಣು ತಂದು ಹೊಲಕ್ಕೆ ಹೊಡೆಯೋದು ತಾನೆ, ಅದಕ್ಕೆ ಇಷ್ಟುದ್ದ ಹೆಸರು ಯಾಕೆ ಅಂದೆ. ಬಫರ್ ಝೋನ್ ಅಂದರೆ ಕೆರೆಯ ಸುತ್ತ ಯಾರೂ ಮುಟ್ಟದೆ ಬಿಡುವ ಜಾಗ ಅಂತ ವಿವರಿಸಿದರೆ, ಹಾಗಾದರೆ ನಮ್ಮ ಕೆರೆಯಂಚಿನ ಆ ಅಪಾರ್ಟ್‌ಮೆಂಟು ಎಲ್ಲಿ ನಿಂತಿದೆ ಅಂತ ಕೇಳಿ ನನ್ನ ಬಾಯಿ ಮುಚ್ಚಿಸಿದೆ. ಇದಕ್ಕೆಲ್ಲ ಹೆಸರಿಡೋಕೆ ಸಂಬಳ ಬೇರೆ ಕೊಡ್ತಾರಾ ನಿಂಗೆ, ಅಂತ ನಗುತ್ತಿದ್ದೆ. ಸುಸ್ತಾಗಿ ಬಂದರೂ ನಾನು ಆ ಒಂದು ಗಂಟೆಗಾಗಿ ಕಾಯುತ್ತಿದ್ದೆ ಅಪ್ಪಾ. ಅಮ್ಮ ಹೋದಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದೇ ಇಲ್ಲ.

ಅದಕ್ಕೇ ನಿನ್ನನ್ನು ಆಫೀಸಿಗೆ ಕರೆದುಕೊಂಡು ಹೋದೆ. ನಮ್ಮ ಕೆರೆ ಅಭಿವೃದ್ಧಿಯ ಸರ್ವೆ ಫಾರಂ ತುಂಬಬೇಕಿತ್ತು, ಗದ್ದೆಗೆ ನೀರು ಹಂಚುವ ಮೂರು ತಲೆಮಾರಿನ ನೀರುಗಂಟಿ ನಮ್ಮಪ್ಪ, ಅವರನ್ನೇ ಕೇಳಿ ಅಂತ ಜಂಬದಿಂದ ಹೇಳಿದೆ. ಸರ್ವೆ ನೋಡಿಕೊಳ್ಳುವ ಶೀತಲ್ ಮೇಡಂ ನಿನಗೆ ಕುರ್ಚಿ ಹಾಕಿ, ಟೀ ತರಿಸಿ, ಎಷ್ಟು ಮರ್ಯಾದೆಯಿಂದ ಕೇಳಿದರು. ಈಗ ಈ ಕೆರೆಯ ತೂಬಿನ ಕೆಳಗೆ ಎಷ್ಟು ಜಮೀನಿದೆ ಯಜಮಾನ್ರೇ ಅಂದರು. ನೀನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: “ಹದಿನೆಂಟು ವರ್ಷದಿಂದ ನನ್ನ ಮನೆಗೆ ಒಂದು ಹೊರೆ ತೆನೆ ಬಂದಿಲ್ಲ. ಯಾರ್ದೂ ಇಲ್ಲ.” ನಿನ್ನ ಲೆಕ್ಕ ನನಗೆ ಗೊತ್ತು. ಕೊಯ್ಲಿನ ದಿನ ನೀರುಗಂಟಿಗೆ ಒಂದು ಹೊರೆ ತಲುಪಿಸಿದವನ ಗದ್ದೆಯೇ ಗದ್ದೆ, ತಾತನೂ ಹಾಗೇ ಎಣಿಸಿದ್ದು, ನೀನೂ ಹಾಗೇ ಎಣಿಸಿದ್ದು. ನಾನು ಅಚ್ಚುಕಟ್ಟು ಅನ್ನುವ ಕಾಲಂನಲ್ಲಿ ಸೊನ್ನೆ ಬರೆದೆ. ನನ್ನ ಅಕ್ಷರದಲ್ಲೇ ಬರೆದೆ.

ಕೆರೆ ಕೆಳಗಿನ ಜಟ್ಟೆಮ್ಮನ ಸೊಪ್ಪಿನ ಮಡಿಗಳು ನನಗೆ ನೆನಪಿರಲಿಲ್ಲವೇ? ಇತ್ತು. ಗಂಡ ಸತ್ತ ವರ್ಷದಿಂದ ಆ ಹತ್ತು ಗುಂಟೆಗೆ ನೀನೇ ವಾರಕ್ಕೆರಡು ಸಲ ತೂಬು ಎತ್ತಿ ನೀರು ಬಿಡುತ್ತೀಯ, ಪಾಪ ಅಂತ. ಪಾಪ ಅಂತ ಬಿಟ್ಟ ನೀರು ಲೆಕ್ಕಕ್ಕಿಲ್ಲ. ನೀನು ಹೇಳಲಿಲ್ಲ, ನೀರಿನ ವಿಷಯದಲ್ಲಿ ನಿನ್ನ ಮಾತಿನ ಮೇಲೆ ನಾನು ಯಾವತ್ತೂ ಮಾತಾಡಿದವಳಲ್ಲ. ಗಂಟೆ ಐದಾಗಿತ್ತು, ಬಸ್ಸು ತಪ್ಪುತ್ತದೆ ಅನ್ನುವ ಯೋಚನೆಯೂ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಆ ಸೊನ್ನೆ ಏನು ಮಾಡಿತು ಅಂತ ಕೆರೆ ಏರಿಯ ಮೇಲೆ ಬೋರ್ಡು ನೆಟ್ಟ ದಿನ ನಿನಗೆ ಗೊತ್ತಾಯಿತು. ಇದು ಇನ್ನು ನೀರಾವರಿ ಕೆರೆಯಲ್ಲ, ವಿಹಾರದ ಕೆರೆ. ಸುತ್ತ ನಡೆಯುವ ದಾರಿ, ಕಲ್ಲುಬೆಂಚು. ತೂಬಿಗೆ ಕಾಂಕ್ರೀಟು ತುಂಬಿ ಶಾಶ್ವತವಾಗಿ ಮುಚ್ಚುವುದು. ಇಂಗ್ಲಿಷಿನ ಆ ಬೋರ್ಡನ್ನು ನಿನಗೆ ಓದಿ ಹೇಳಿದವಳೂ ನಾನೇ. ನೀನು ಕೂಗಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. “ನೀನೇ ಬರ್ದಿದ್ದಲ್ವೇನಮ್ಮ” ಅಂತ ಕೇಳಿ, ಒಳಗೆ ಹೋಗಿ ಗೋಣಿಚೀಲ ಹುಡುಕಿದೆ, ಅಷ್ಟೆ. ಆ ಮಾತು ದಿನಾ ಬಸ್ಸಿನಲ್ಲಿ ನನ್ನ ಜೊತೆಗೇ ಬರುತ್ತದೆ.

ಹೋದ ವಾರ ಪುಸ್ತಕದ ಕರಡು ತಿದ್ದಲು ಶಿವಾಜಿನಗರದ ಪ್ರೆಸ್ಸಿಗೆ ಹೋಗಿದ್ದೆ. ಅಕ್ಷರ ಜೋಡಿಸುವ ಲತೀಫ್ ಸಾಹೇಬರು ನಿಧಾನದ ಮನುಷ್ಯ, ಪ್ರತಿ ಸಾಲನ್ನೂ ಓದಿಯೇ ಕೂರಿಸುತ್ತಾರೆ. ಮಾರ್ಕೆಟ್ಟಿನಲ್ಲಿ ಜಟ್ಟೆಮ್ಮನ ಹತ್ತಿರವೇ ಅವರ ಮನೆಗೆ ಸೊಪ್ಪು. ಹದಿನಾಲ್ಕನೇ ಪುಟದಲ್ಲಿ ಅಚ್ಚುಕಟ್ಟಿನ ಅರ್ಥ ಇದೆ, ನಾನೇ ಬರೆದದ್ದು: ಕೆರೆಯ ತೂಬಿನಿಂದ ನೀರು ಪಡೆಯುವ ಎಲ್ಲ ಸಾಗುವಳಿ ಭೂಮಿ. ಕೊನೆಯಲ್ಲಿ ನಮ್ಮ ಕೆರೆಯ ಪಟ್ಟಿ ಇದೆ, ಅದರಲ್ಲಿ ಸೊನ್ನೆ. ಅವರು ಕನ್ನಡಕ ತೆಗೆದು ಕೇಳಿದರು: “ಮೇಡಂ, ಇಲ್ಲಿ ಎಲ್ಲಾ ಭೂಮಿ ಅಂದಿದ್ದೀರ. ಹಂಗಾದ್ರೆ ನಮ್ಮನೇಲಿ ತಿನ್ನೋ ದಂಟು ಯಾವ ಭೂಮೀಲಿ ಬೆಳೀತು?”

ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತು ಆ ಪುಟವನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದು ವರ್ಷ ನಾವಿಬ್ಬರೂ ಕೂತು ನಕ್ಕೆವಲ್ಲ ಅಪ್ಪಾ, ಆಫೀಸಿನವರ ಮಾತು ಅಂತ. ಆ ಮಾತಿನಲ್ಲಿ ಜಟ್ಟೆಮ್ಮನಿಗೆ ಜಾಗ ಇದೆ. ನಮ್ಮ ತಲೆಮಾರುಗಳ ಲೆಕ್ಕದಲ್ಲಿ ಇಲ್ಲ. ಸೊಪ್ಪು ಬೆಳೆಯಲ್ಲ, ಹೊರೆ ಕೊಡದವಳು ರೈತಳಲ್ಲ ಅಂತ ನೀನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ಆದರೂ ನಿನ್ನ ಎಣಿಕೆ ಹಾಗೇ ಇತ್ತು, ನಾನು ಅದನ್ನೇ ಬರೆದೆ. ನಿನ್ನನ್ನು ದೂರುತ್ತಿಲ್ಲ. ಅರ್ಥ ಗೊತ್ತಿದ್ದವಳು ನಾನು, ತಪ್ಪು ನನ್ನದೇ ಹೆಚ್ಚು.

ಮಾರನೆಯ ದಿನ ನಮ್ಮ ಮುಖ್ಯಸ್ಥರು ಬಸವಪ್ರಭು ಸರ್ ಹತ್ತಿರ ಎಲ್ಲ ಹೇಳಿಕೊಂಡೆ. ಬೈದರು, ಬೈಯಲಿ. ಫಾರಂ ಆಗಲೇ ಇಲಾಖೆಗೆ ಹೋಗಿದೆಯಂತೆ. ಬರುವ ಗುರುವಾರ ಹತ್ತು ಗಂಟೆಗೆ ಇಂಜಿನಿಯರರು ಕಡೆಯ ತಪಾಸಣೆಗೆ ಬರುತ್ತಾರೆ, ತೂಬಿನ ನೀರು ಬೆಳೆಗೆ ಹೋಗುವುದನ್ನು ಕಣ್ಣಾರೆ ಕಂಡರೆ ಕಾಲಂ ತಿದ್ದುತ್ತಾರೆ, ಬಾಯಿಮಾತಿಗಲ್ಲ ಅಂದರು. ಇಲ್ಲದಿದ್ದರೆ ಮಧ್ಯಾಹ್ನವೇ ಕಾಂಕ್ರೀಟು. ಹಿಡಿ ಇಲ್ಲದೆ ತೂಬು ಏಳುವುದಿಲ್ಲ ಅಂತ ನಾನು ಅವರಿಗೆ ಹೇಳಲಿಲ್ಲ. ಬಾ ಅಂತ ಕರೆಯುವ ಮುಖವೂ ನನಗಿಲ್ಲ. ಕ್ಷಮಿಸು ಅನ್ನುವುದಕ್ಕೇ ಈ ಪತ್ರ. ಈ ಸಲದ ಮಳೆಗೆ ಕೋಡಿ ಹರಿದದ್ದನ್ನು ನೀನೇ ನೋಡಿದ್ದೀಯ, ಕೆರೆ ಇನ್ನೂ ತುಂಬಿಯೇ ಇದೆ. ಆದರೂ ನೀನು ಹೋದಾಗಿನಿಂದ ಜಟ್ಟೆಮ್ಮ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದಾಳೆ. ಮೇಲಿನ ಎರಡು ಮಡಿ ಆಗಲೇ ಬಾಡಿವೆ. ಕೋಪ ನನ್ನ ಮೇಲೆ, ಒಣಗುತ್ತಿರುವುದು ಅವಳದು.

ತಂಗಿಗೂ ಅವಳ ಯಜಮಾನರಿಗೂ ನನ್ನ ನೆನಪು ಹೇಳು. ಅವರ ಮಗಳು ಅಂಜಲಿಗೆ ಪರೀಕ್ಷೆ ಅಂತೆ, ಚೆನ್ನಾಗಿ ಬರೆಯಲಿ. ಹೊದ್ದುಕೊಳ್ಳಲು ಕಂಬಳಿ ಕೇಳಿ ಇಸಕೋ, ಸಂಕೋಚ ಮಾಡಬೇಡ.

ನಿನ್ನ ಮಗಳು,
ವಿಮಲಾಕ್ಷಿ

ಮತ್ತೊಂದು ಮಾತು: ಪತ್ರ ಮಡಚಿ ಅಂಟು ಹಚ್ಚುವಷ್ಟರಲ್ಲಿ ಜಟ್ಟೆಮ್ಮ ಬಂದಳು. ದಂಟು, ಮೆಂತ್ಯ, ಸಬ್ಬಸಿಗೆ, ಉಳಿದ ಮಡಿಗಳಲ್ಲಿ ಎಳೆಯದನ್ನು ಬಿಟ್ಟು ಬಲಿತದ್ದನ್ನೆಲ್ಲ ಕಿತ್ತು, ಬಾಳೆನಾರಿನಲ್ಲಿ ಒಂದೇ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತಂದಿದ್ದಳು. ಹೊಸಿಲಿನ ಮೇಲೆ ಇಳಿಸಿದಳು. “ನಿಮ್ಮಪ್ಪಂಗೆ ಸೇರ್ಬೇಕಾದ್ದು ಕಣಮ್ಮ. ಹಿಂದಿನ ವರ್ಷಗಳದ್ದು ನನ್ ಕೈಲಿ ಆಗಾಕಿಲ್ಲ, ಈ ವರ್ಷದ್ದು ತಗೊಳ್ಳಿ” ಅಂದಳು. ನಾನು ಬೇಡ ಅನ್ನಲಿಲ್ಲ. ಒದ್ದೆ ಗೋಣಿ ಮುಚ್ಚಿ ನಿನ್ನ ಜಗಲಿಯ ಮೂಲೆಯಲ್ಲಿಟ್ಟಿದ್ದೇನೆ. ಹೊರೆ ಬಂದಮೇಲೆ ನೀರುಗಂಟಿ ನೀರು ಬಿಡಲೇಬೇಕು ಅಂತ ನೀನೇ ಹೇಳಿಕೊಟ್ಟದ್ದು. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ಗುರುವಾರ, ಹತ್ತು ಗಂಟೆಗೆ ಮುಂಚೆ. ಹಿಡಿ ತಗೊಂಡು ಬಾ ಅಪ್ಪಾ.