ಕಾಲೊಳಗಿನ ಕಬ್ಬಿಣ ತೆಗೆಸುವ ಮುಂಚೆ

ನಮ್ಮ ಮನೆಯವರಿಗೆ, ಎಲ್ಲಿದ್ದೀರೋ ಅಲ್ಲಿಗೆ,

ಅಕ್ಷರ ಸೊಟ್ಟಗಿದೆ ಅಂತ ನಗಬೇಡಿ. ಕಣ್ಣು ಹೋದ ಮೇಲೆ ನೀವು ಹೊಲಿದ ಕಾಲರುಗಳೇನು ನೆಟ್ಟಗಿದ್ದವೇ? ನಾನು ಆಡಿಕೊಂಡೆನಾ? ಸರಿ, ಆಡಿಕೊಂಡೆ. ಈಗ ಒಂದು ಮಾತು ಕೇಳೋದಿದೆ, ಅದಕ್ಕೇ ಬರೀತಿದ್ದೀನಿ.

ಮೆಟ್ಟಿಲಿಂದ ಬಿದ್ದಾಗ ನನ್ನ ಪಾದದೊಳಗೆ ಕಬ್ಬಿಣದ ಪಟ್ಟಿ, ಸ್ಕ್ರೂ ಹಾಕಿದ್ದರಲ್ಲ, ಅದರಲ್ಲೊಂದು ಸ್ಕ್ರೂ ಸಡಿಲವಾಗಿ ಚರ್ಮಕ್ಕೆ ಒತ್ತುತ್ತಿದೆ. "ಮೂಳೆ ಎಂದೋ ಕೂಡಿದೆ ಅಜ್ಜಿ, ಇವುಗಳ ಕೆಲಸ ಮುಗೀತು. ತೆಗೆದರೆ ನೆಟ್ಟಗೆ ನಡೀತೀರಿ. ತೆಗೆಯೋದೋ ಬಿಡೋದೋ, ನಾಳೆ ಬಂದು ಹೇಳಿ" ಅಂದರು ಡಾಕ್ಟರು. ಸೊಸೆಯಂತೂ "ತೆಗೆಸಿಬಿಡಿ ಅತ್ತೆ, ನಿಮ್ಮ ನರಳಾಟ ನೋಡೋಕಾಗಲ್ಲ" ಅಂತಾಳೆ. ನೋಡೋಕಲ್ಲ, ಕೇಳೋಕಾಗಲ್ಲ ಅವಳಿಗೆ. ಒಳ್ಳೆಯವಳೇ, ಬಿಡಿ.

ನನ್ನ ಹೆದರಿಕೆ ಬೇರೆ. ಕೊನೆಕೊನೆಗೆ ಯಾರು ಬಾಗಿಲಿಗೆ ಬಂದರೂ "ಯಾರು?" ಅಂತಿದ್ದಿರಿ. ಹೆತ್ತ ಮಗನಿಗೂ ಅದೇ. ನಾನು ಕಾಲೆಳೆದುಕೊಂಡು ಬಂದರೆ ಮಾತ್ರ ಹೊಲಿಗೆ ಮೆಷಿನ್ ತುಳಿಯೋದು ನಿಲ್ಲಿಸಿ "ಬಂದ್ಯೇನೇ ಕುಂಟಿ?" ಅನ್ನುತ್ತಿದ್ದಿರಿ. "ಬಂದೆ, ಕಣ್ಣಿಲ್ಲದ ದೊರೆ" ಅಂತಿದ್ದೆ.

ನೀವು ಹೋದ ಮೇಲೂ ನಾನು ನಿಮ್ಮ ಹೊಲಿಗೆ ಕೋಣೆ ದಾಟುವಾಗ ಮೆಷಿನ್ ಪೆಡಲ್ ಒಮ್ಮೆ ಕಿರ್ ಅನ್ನುತ್ತೆ. ನೆಲ ಅಲುಗುತ್ತೆ ಅಂತ ಸೊಸೆ ಮೆಷಿನ್ನಿನ ಕಾಲಿಗೆ ರಟ್ಟು ಮಡಚಿ ಕೊಟ್ಟಳು. ಆದರೂ ಕಿರ್. ಅವಳು ಓಡಾಡಿದರೆ ಇಲ್ಲ, ಮಗ ದಬದಬ ನಡೆದರೂ ಇಲ್ಲ. ನಾನು ನಿಂತರೆ ಅದೂ ಉಸಿರು ಹಿಡಿದು ಕಾಯುತ್ತೆ. ಸ್ಕ್ರೂ ತೆಗೆಸಿ, ಕುಂಟು ಹೋಗಿ, ಅದು ಸುಮ್ಮನಾಗಿಬಿಟ್ಟರೆ? ಆ ಕತ್ತಲಲ್ಲಿ ಕೂತು ನೀವು ನನ್ನನ್ನೇ "ಯಾರು?" ಅಂದರೆ?

ಬೇಡ ಅಂತಲೇ ಹೇಳೋಣ ಅಂದುಕೊಂಡಿದ್ದೆ. ಇವತ್ತು ನಿಮ್ಮ ತಂಗಿ ಬಂದಿದ್ದಳು. ಸುಮ್ಮನಿರುವ ಪೈಕಿಯೇ ಅವಳು? "ಅತ್ತಿಗೆ ನಡೆಯೋದು ಹೀಗೆ" ಅಂತ ನಿಮ್ಮ ಕೋಣೆ ಮುಂದೆಯೇ ಕುಂಟಿ ತೋರಿಸಿದಳು. ಥೇಟ್ ನಾನೇ. ಆ ಎಳೆತ, ನಡುವೆ ಒಂದು ನಿಲುವು, ಎಲ್ಲ. ಮನೆಮಂದಿಯೆಲ್ಲ ನಕ್ಕರು. ನನ್ನ ಕಿವಿ ಮಾತ್ರ ಒಳಗಿತ್ತು.

ಪೆಡಲ್ ಅಲುಗಲಿಲ್ಲ.

ಒಡಹುಟ್ಟಿದವಳ ಕುಂಟಾಟಕ್ಕೂ ನೀವು ಮೋಸ ಹೋಗಲಿಲ್ಲ. ಹಾಗಾದರೆ ನನ್ನ ಗುರುತು ಹಿಡಿಯೋದು ಇನ್ಯಾವುದರಿಂದ? ಬದುಕಿದ್ದಾಗ ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೇನೇ ಇರಲಿ, ಡಾಕ್ಟರ ಕತ್ತರಿಗೆ ಸಿಗುವಂಥದ್ದಲ್ಲ.

ತೆಗೆಸಿಬಿಡ್ತೀನಿ. ನಾಳೆ ಹೋಗಿ ಹೂಂ ಅಂತೀನಿ. ಆಮೇಲೆ ಬಾಗಿಲ ಬಳಿ ಮೆತ್ತನೆ ಹೆಜ್ಜೆ ಕೇಳಿದರೆ ಅದು ನಾನೇ ಕಣ್ರೀ. ಪೆಡಲ್ ತುಳಿಯದಿದ್ದರೂ ಪರವಾಗಿಲ್ಲ. "ಯಾರು?" ಅಂತ ಮಾತ್ರ ಕೇಳಬೇಡಿ.

ಇರುವಲ್ಲಿ ಬೆಚ್ಚಗಿರಿ. ಎಡವದ ಹಾಗೆ ಯಾರದಾದರೂ ಕೈ ಹಿಡಿದು ನಡೀರಿ, ಗಂಡಸರದ್ದೇ ಆಗಿರಲಿ.

ಇನ್ನು ಸ್ವಲ್ಪ ದಿನದ ಮಟ್ಟಿಗೆ,
ನಿಮ್ಮ ಕುಂಟಿ