ಮೂರು ದಿನದ ಸಹಾಯಕ ಪ್ರಾಧ್ಯಾಪಕಿ

ಅತಿಥಿ ಉಪನ್ಯಾಸಕರ ಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ಹನ್ನೊಂದು ವರ್ಷ ಇತಿಹಾಸ ಪಾಠ ಮಾಡಿದ ನನ್ನ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಕಾರಣ ಒಂದೇ ಸಾಲು: 'ಆರನೆಯ ವರ್ಷದಲ್ಲಿ ಅಭ್ಯರ್ಥಿ ಮೂರು ದಿನ ಮಾತ್ರ ಕರ್ತವ್ಯ ನಿರ್ವಹಿಸಿದ್ದು, ಸೇವೆ ಅಖಂಡವಲ್ಲ.' ಆಕ್ಷೇಪಣೆಗೆ ಶನಿವಾರದವರೆಗೆ ಸಮಯವಿದೆಯಂತೆ. ಅದು ದಾಟಿದರೆ ಹನ್ನೊಂದು ವರ್ಷವೂ ಲೆಕ್ಕದಿಂದ ಬಿದ್ದುಹೋಗಿ, ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಹೊಸಬಳಾಗುತ್ತೇನೆ. ಕಚೇರಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಇಡೀ ವರ್ಷದಲ್ಲಿ ಮೂರೇ ದಿನ ಕಾಲೇಜಿಗೆ ಬಂದವಳು ಎಂಥವಳಿರಬಹುದೆಂದು ತಮಗೆ ಕುತೂಹಲವೂ ಆಗಲಿಲ್ಲವೇ? ತಿ. ನರಸೀಪುರ ತಾಲ್ಲೂಕಿನ ಆ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರು ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು. ಅತಿಥಿಗಳಾದ ನಮಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದು ಅಟೆಂಡರ್ ನಾಗಯ್ಯನವರ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಆ ವರ್ಷ ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬಂತು. ಅಧ್ಯಾಪಕರ ಸಂಖ್ಯೆ ಸಾಲದೆಂದು ಹೆದರಿದ ಅಂದಿನ ಪ್ರಾಂಶುಪಾಲರು ನಮಗೆಲ್ಲ ದಿಢೀರ್ ಬಡ್ತಿ ಕೊಟ್ಟರು. ಹಾಜರಿ ಪುಸ್ತಕದಲ್ಲಿ ಹೆಸರು ಬಂತು, ತಿರುಗುವ ಕುರ್ಚಿ ಬಂತು, ಬಾಗಿಲಿಗೆ 'ಸರ್ವಮಂಗಳಾ, ಸಹಾಯಕ ಪ್ರಾಧ್ಯಾಪಕರು' ಎಂಬ ಫಲಕವೂ ಬಂತು. ತೋರಿಕೆಗೆಂದು ಗೊತ್ತಿದ್ದೂ ಸಹಿ ಮಾಡಿದೆ. ಖುಷಿಯಿಂದಲೇ ಮಾಡಿದೆ. ಫಲಕದ ಫೋಟೊ ತೆಗೆದು ಅತ್ತೆಗೂ ತೋರಿಸಿದೆ. ನಾಲ್ಕನೆಯ ದಿನ ನಾಗಯ್ಯನವರು ಸ್ಕ್ರೂಡ್ರೈವರ್ ಹಿಡಿದು ಬಂದು, "ತಪ್ಪು ತಿಳ್ಕಬ್ಯಾಡಿ ಮೇಡಂ, ಬೋರ್ಡು ಬಿಚ್ಚಕೆ ಏಳವ್ರೆ" ಎಂದರು. ಕಾಲೇಜಿಗೆ ಒಳ್ಳೆಯ ಗ್ರೇಡು ಸಿಕ್ಕಿತು. ನಾವು ನೋಟ್‌ಬುಕ್ಕಿಗೆ ಮರಳಿದೆವು.

ಆ ಪ್ರಾಂಶುಪಾಲರು ಅನುಭವ ಪ್ರಮಾಣಪತ್ರ ಕೊಡದೆಯೇ ವರ್ಗವಾಗಿ ಹೋದರು. ನೋಟ್‌ಬುಕ್ಕು ರದ್ದಿಗೆ ಹೋಯಿತು. ಈಗಿನವರು ಪಾಪ, ಹಾಜರಿ ಪುಸ್ತಕದಲ್ಲಿ ಕಂಡಷ್ಟನ್ನೇ ಬರೆದುಕೊಟ್ಟರು. ಕಳಲೆಯಿಂದ ನಂಜನಗೂಡಿಗೆ, ಅಲ್ಲಿ ಬಸ್ಸು ಬದಲಿಸಿ ನಿಂತೇ ಹೋಗಿ ಪಾಠ ಮಾಡಿದ ದಿನಗಳೆಲ್ಲ ಅಳಿಸಿಹೋಗಿ, ನಾಟಕವಾಡಿದ ಮೂರು ದಿನ ಮಾತ್ರ ಉಳಿದಿವೆ. ಇದಕ್ಕೆ ತಮ್ಮಲ್ಲಿ ದಾಖಲೆ ಪರಿಶೀಲನೆ ಎನ್ನುತ್ತಾರೆಯೇ?

ಸೋಮವಾರ ತಮ್ಮ ಕಚೇರಿಗೆ ಬಂದಿದ್ದೆ. ನನ್ನ ಕಡತ ನೋಡುವ ಹುಡುಗಿ ನನ್ನನ್ನು ಕಂಡು ಎದ್ದು ನಿಂತಳು. ಆರನೆಯ ವರ್ಷ ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದವಳು. ಹೆಸರು ಹೇಳಲಾರೆ, ಅವಳ ಕೆಲಸವಾದರೂ ಉಳಿಯಲಿ. "ನೀವು ಪಾಠ ಮಾಡಿದ್ದು ನಂಗೊತ್ತಲ್ವಾ ಮೇಡಂ. ಆದ್ರೆ ಫೈಲಲ್ಲಿ ಇಲ್ವಲ್ಲ, ನಾನೇನಂತ ಬರೀಲಿ?" ಎಂದು ತಲೆ ತಗ್ಗಿಸಿದಳು. ಅವಳ ಮೇಲೆ ನನಗೆ ಕೋಪವಿಲ್ಲ. ಆದರೆ ಅವಳ ಮೇಜಿನ ಮುಂದೆ ನಿಂತಾಗ ಆದ ಅವಮಾನ ಇನ್ನೂ ಹೋಗಿಲ್ಲ.

ಆ ವರ್ಷದ ಆಂತರಿಕ ಅಂಕಪಟ್ಟಿ ವಿಶ್ವವಿದ್ಯಾಲಯದಲ್ಲಿದೆ. ಅರವತ್ತೆಂಟು ವಿದ್ಯಾರ್ಥಿಗಳ ಅಂಕಗಳ ಕೆಳಗೆ ನನ್ನ ಸಹಿಯಿದೆ. ಶನಿವಾರದೊಳಗೆ ಅದನ್ನು ತರಿಸಿ ನೋಡಿ, ನನ್ನ ವರ್ಷವನ್ನು ನನಗೆ ಕೊಡಿ. ಇಲ್ಲವೇ, ನಾನು ಅಲ್ಲಿರಲೇ ಇಲ್ಲವೆಂಬ ಮಾತಿಗೆ ಗಟ್ಟಿಯಾಗಿ ನಿಂತು ಆ ಅರವತ್ತೆಂಟು ಪದವಿಗಳನ್ನೂ ರದ್ದು ಮಾಡಿಸಿ. ಆ ಆದೇಶವನ್ನು ಟೈಪ್ ಮಾಡಲು ಯಾರ ಮೇಜಿಗೆ ಕಳಿಸುತ್ತೀರಿ ಎಂಬುದನ್ನು ಮಾತ್ರ ಮೊದಲು ಯೋಚಿಸಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಮೂರು ದಿನವಷ್ಟೇ ಇದ್ದ
ಸರ್ವಮಂಗಳಾ, ಕಳಲೆ